ಮೂರನೇ ಕೂಗಿಗೆ ಓಗೊಡು

ಚಾಮರಾಜನಗರ
2 ಜೂನ್ 2025, ಸೋಮವಾರ

ಹಂಗಳ ಗ್ರಾಮದ ಕೆಳಗಿನ ಬೀದಿ, ಹುಣಸೆಮರದ ಪಕ್ಕದ ಮನೆಯ ಸರ್ವಾಧಿಕಾರಿಣಿ ಶ್ರೀಮತಿ ಪುಟ್ಟಸಿದ್ದಮ್ಮನವರ ಸನ್ನಿಧಾನಕ್ಕೆ,

ತಮ್ಮ ಏಕೈಕ ಮೊಮ್ಮಗಳು, ಬದನಗುಪ್ಪೆಯ ತಿಂಡಿ ಕಾರ್ಖಾನೆಯಲ್ಲಿ ಚಕ್ಕುಲಿ ಮುರಿದಿದೆಯೋ ಇಲ್ಲವೋ ಎಂದು ದಿನಕ್ಕೆ ಎಂಟು ಗಂಟೆ ಪರೀಕ್ಷಿಸುವ ಮಹಾ ಹುದ್ದೆಯಲ್ಲಿರುವ ಚೈತ್ರಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಅದಾಗಿ, ಹನ್ನೊಂದು ದಿನಗಳಿಂದ ತಾವು ನನ್ನ ಫೋನು ಎತ್ತುತ್ತಿಲ್ಲ ಎಂಬುದು ಈ ನ್ಯಾಯಾಲಯದ ಗಮನಕ್ಕೆ ಬಂದಿದೆ. ಶಿವಮಲ್ಲು ಮಾವನನ್ನು ವಿಚಾರಿಸಲಾಗಿ, "ನಿಮ್ಮಜ್ಜಿ ಫೋನ್ನ ರಾಗಿ ಗುಡಾಣದೊಳಗೆ ಇಟ್ಬುಟ್ಟವ್ಳೆ, ಬಡ್ಕೊಂಡ್ರೂ ತಗಿಯಲ್ಲ" ಎಂದು ಸಾಕ್ಷಿ ನುಡಿದಿದ್ದಾನೆ. ಸುಧಾಮಣಿ ಅತ್ತೆ, "ಕಿವಿನೋವಂತೆ ಕಣಮ್ಮಿ, ತಲೆ ಮ್ಯಾಲಿನ ಸೆರಗು ತೆಗೆಯಾಕೇ ಬುಡಲ್ಲ" ಎಂದಳು. ಅದಕ್ಕೇ ಕಾಗದ. ನಲವತ್ತೈದು ಕಿಲೋಮೀಟರಿಗೆ ಇದು ನಾಲ್ಕೈದು ದಿನ ತೆಗೆದುಕೊಳ್ಳುತ್ತದೆ. ತೆರಕಣಾಂಬಿ ಮೇಲೆ ನಡೆದುಬಂದರೂ ನಾನೇ ಬೇಗ ತಲುಪುತ್ತೇನೆ, ಆದರೆ ರಜ ಯಾರು ಕೊಡುತ್ತಾರೆ?

ನಿನಗೆ ಕಾಗದ ಓದೋದು ಬರೆಯೋದು ಬರುತ್ತದೆ ಅಂತ ಊರಿಗೇ ಗೊತ್ತು. ಲಾಟೀನು ಹಿಡಿದು ಗೋವಿಂದಯ್ಯ ಮೇಷ್ಟ್ರ ಅಕ್ಷರ ಶಾಲೆಗೆ ಹೋದ ಹೆಂಗಸರಲ್ಲಿ ಕೊನೆಯವರೆಗೂ ಉಳಿದವಳು ನೀನೊಬ್ಬಳೇ ಎಂದು ತಾತ ಹೇಳುತ್ತಿದ್ದರಲ್ಲ. ಆದ್ದರಿಂದ ನೆಪ ಹೇಳುವಂತಿಲ್ಲ.

ಈಗ ಗಂಭೀರ ವಿಷಯ. ಕಾರ್ಖಾನೆಗೆ ಪೊಲೀಸಿನವರು ಬಂದು ಭಾಷಣ ಮಾಡಿದರು. ಕಳ್ಳರು ಈಗ ನಮ್ಮ ದನಿಯನ್ನೇ ಕದಿಯುತ್ತಾರಂತೆ. ಫೋನಿನಲ್ಲೋ ವಿಡಿಯೋದಲ್ಲೋ ನಾವು ಆಡಿದ ನಾಲ್ಕು ಮಾತು ಸಿಕ್ಕರೆ ಸಾಕು, ಅದನ್ನು ಮಿಷನ್ನಿಗೆ ಕಲಿಸಿ, ನಮ್ಮದೇ ದನಿಯಲ್ಲಿ ಮನೆಯವರಿಗೆ ಫೋನು ಮಾಡಿ ದುಡ್ಡು ಕೇಳುತ್ತಾರಂತೆ. ವಯಸ್ಸಾದವರನ್ನೇ ಹುಡುಕುತ್ತಾರಂತೆ. ಭಾಷಣ ಕೇಳಿ ಎಲ್ಲರೂ ಹೆದರಿದರು, ನಾನೊಬ್ಬಳು ನಕ್ಕೆ. ನಮ್ಮಜ್ಜಿ ಹೊಲದಿಂದ ತಾತ ಹಾಕುವ ಕೂಗನ್ನೇ ಎರಡು ಸಲ ನಂಬದೆ ಮೂರನೇ ಸಲಕ್ಕೆ ಓಗೊಡುತ್ತಿದ್ದವಳು, ಅವಳಿಗೆ ಯಾವ ಮಿಷನ್ನು ಮೋಸ ಮಾಡೀತು!

ಆದರೂ ಒಂದು ಗುಟ್ಟಿನ ಮಾತು ಗೊತ್ತುಮಾಡಿ ಕಳಿಸತಕ್ಕದ್ದು. ಫೋನಿನಲ್ಲಿ ಮೊದಲು ಅದನ್ನು ಹೇಳಿ ಆಮೇಲೆ ಉಳಿದ ಮಾತು.

ಇಂತಿ ಆಜ್ಞಾಧಾರಕಳು,
ಚೈತ್ರ


ಹಂಗಳ
9 ಜೂನ್ 2025

ಚೈತ್ರಂಗೆ ಅಜ್ಜಿ ಮಾಡುವ ಆಶೀರ್ವಾದ. ನಾವೆಲ್ಲ ಚೆನ್ನಾಗಿದೀವಿ. ಮಳೆ ಒಂದು ಬಂತು. ಮಾವ ಕೆಳಗಿನ ಹೊಲಕ್ಕೆ ಚೆಂಡುಹೂವಿನ ಸಸಿ ಹಾಕವ್ನೆ.

ನಂಗೆ ಕಿವಿನೋವು. ಅದಕ್ಕೇ ಫೋನು ಬೇಡ ಅಂತ ಇಟ್ಟಿದೀನಿ. ಬೇರೆ ಏನಿಲ್ಲ.

ನಿನ್ ಕಾಲು ಎಂಗದೆ? ಊರಿ ನಡೀತಿದ್ದೀಯಾ? ನಂತಾವ ಮುಚ್ಚಿಡ್ಬೇಡ. ಕುಂಟಾದ್ರೂ ನೀನು ನನ್ ಮಗಳ ಮಗಳೇ.

ಇನ್ನೊಂದು. ಇದು ನಿನ್ ಕೈಬರಹನೇ ಅಂತ ಕಾಣ್ತದೆ, ಆದ್ರೂ ಕೇಳ್ತೀನಿ. ನಿಂಗೆ ಏಳು ವರ್ಸ ಇದ್ದಾಗ ರಾಗಿ ಗುಡಾಣದೊಳಗೆ ಏನು ಹಾಕಿದ್ದೆ? ಅದು ನಿಂಗೂ ನಂಗೂ ಬುಟ್ರೆ ಈ ಬೂಮಿ ಮೇಲೆ ಯಾರ್ಗೂ ಗೊತ್ತಿಲ್ಲ. ಬರೆದು ಕಳ್ಸು. ಯಾರ ಕೈಲೂ ಬರೆಸ್ಬೇಡ.

ಪುಟ್ಟಸಿದ್ದಮ್ಮ


ಚಾಮರಾಜನಗರ
14 ಜೂನ್ 2025

ಮಹಾ ಪರೀಕ್ಷಾಧಿಕಾರಿಗಳೇ,

ಮೊದಲನೆಯದಾಗಿ ಕಾಲುಗಳ ವರದಿ. ತಮ್ಮ ಕಾಗದ ಓದಿದ ಕೂಡಲೇ ಎಣಿಸಿದೆ. ಎರಡಿವೆ. ಎಡಗಾಲು ಬಲಗಾಲು ಎಂದು ಬೇರೆಬೇರೆಯಾಗಿಯೇ ಇವೆ. ಇಡೀ ದಿನ ನಿಂತು ಸಂಜೆ ಸ್ವಲ್ಪ ಊದಿಕೊಳ್ಳುವುದು ಬಿಟ್ಟರೆ ಏನೂ ಆಗಿಲ್ಲ. ಯಾರ ಕಾಲನ್ನೋ ನನ್ನ ಕಾಲು ಅಂದುಕೊಂಡಿದ್ದೀಯ. ಎದುರುಮನೆ ಚಿಕ್ಕಮಲ್ಲಮ್ಮ ಜಾರಿ ಬಿದ್ದಳೆಂದು ಅತ್ತೆ ಹೇಳಿದ್ದಳು, ಅದು ನಿನ್ನ ತಲೆಯಲ್ಲಿ ನನ್ನ ಕಾಲಾಗಿರಬೇಕು. ಅಜ್ಜಿ, ವಯಸ್ಸಾಯಿತು ನಿನಗೆ.

ಎರಡನೆಯದಾಗಿ ಪ್ರಶ್ನೆಗೆ ಉತ್ತರ. ಗುಡಾಣದೊಳಗೆ ಹಾಕಿದ್ದು ತಾತನ ಹಲ್ಲುಸೆಟ್ಟು.

ಬರೆಯುವಾಗಲೇ ನಗು ಬಂತು. ಹಾಸ್ಟೆಲಿನ ಭಾನು ಪಕ್ಕದ ಮಂಚದಿಂದ "ಏನಾಯ್ತೇ ನಿಂಗೆ" ಅಂದಳು. ತಾತ ಅವತ್ತು ಹಲ್ಲಿಲ್ಲದೆಯೇ ಹೊಲದ ಅಟ್ಟಣೆಗೆ ಹೋದರು. ಹೊತ್ತು ಮುಳುಗುವಾಗ ಅಲ್ಲಿಂದ ಮೂರು ಸಲ ಕೂಗಬೇಕು, ಹಂದಿ ಆನೆ ಯಾವುದೂ ಬಂದಿಲ್ಲ, ನಾನು ಕ್ಷೇಮ ಅಂತ. ನೀನು ಹಿತ್ತಾಳೆ ಚೊಂಬನ್ನು ಒರಳುಕಲ್ಲಿಗೆ ಮೂರು ಸಲ ಬಡಿಯಬೇಕು, ಮನೆಯಲ್ಲೂ ಕ್ಷೇಮ ಅಂತ. ಒಂದೊಂದು ಮನೆಗೂ ಅದರದೇ ಕೂಗು ಇತ್ತಲ್ಲ ಆಗ. ಅವತ್ತು ತಾತನ "ಕೂ" ಎಲ್ಲ "ಫೂ" ಆಗಿ ಬಂತು. ಒಂದು ಸಲ ಫೂ. ಎರಡು ಸಲ ಫೂ. ಮೂರನೇ ಸಲವೂ ಫೂ. "ಇದ್ಯಾವನೋ ನಮ್ಮನೆಯೋನಲ್ಲ" ಅಂತ ನೀನು ಚೊಂಬನ್ನೇ ಮುಟ್ಟಲಿಲ್ಲ. ಮನೆಯಲ್ಲಿ ಏನೋ ಅನಾಹುತವಾಗಿದೆ ಅಂದುಕೊಂಡು ತಾತ ಪಂಚೆ ಎತ್ತಿಕಟ್ಟಿ ಹೊಲದಿಂದ ಓಡಿಬಂದರು. ನೀನು ಬಾಗಿಲಲ್ಲಿ ನಿಂತು, "ಯಾರ್ನಾದ್ರೂ ಆನೆ ಅಟ್ಟಿಸ್ಕಂಡು ಬಂತಾ?" ಅಂದೆ. ತಾತ ಏನೋ ಬೈದರು, ಹಲ್ಲಿಲ್ಲದೆ ಅದೂ ಅರ್ಥವಾಗಲಿಲ್ಲ.

ಮಾರನೇ ದಿನ ರಾಗಿ ತೋಡುವಾಗ ನಿನ್ನ ಕೈಗೆ ಹಲ್ಲು ಸಿಕ್ಕಿತು. ನೀನು ನನ್ನ ಮುಖ ನೋಡಿದೆ. ನಾನು ಬಾಗಿಲ ಸಂದಿಗೆ ಸೇರಿಕೊಂಡೆ. "ಹೆಗ್ಗಣ ಎತ್ಕೊಂಡೋಗಿತ್ತು" ಅಂತ ತಾತನಿಗೆ ಹೇಳಿದೆಯಲ್ಲ, ನನ್ನವ್ವ ತೀರಿಕೊಂಡು ಆಗಿನ್ನೂ ಒಂದು ವರ್ಷ. ನನಗೆ ಯಾರೂ ಬಯ್ಯಬಾರದು ಅಂತ ನೀನು ಎಷ್ಟು ಹೆಗ್ಗಣಗಳ ಮೇಲೆ ತಪ್ಪು ಹೊರಿಸಿದ್ದೀಯೋ. ತಾತ ಮೇಲೆ ಕೂತು ಇವತ್ತಿಗೂ ಆ ಹೆಗ್ಗಣವನ್ನು ಹುಡುಕುತ್ತಿರಬೇಕು.

ಆಮೇಲೆ ನಾನು ಹುಲ್ಲುಮೆದೆ ಹಿಂದೆ ನಿಂತು ತಾತನ ಕೂಗು ಕೂಗಿ ನಿನ್ನನ್ನು ಏಮಾರಿಸಲು ನೋಡುತ್ತಿದ್ದೆ. ಒಂದು ದಿನವೂ ಮೂರನೇ ಕೂಗಿನವರೆಗೆ ಹೋಗಲು ಆಗಲಿಲ್ಲ, ಎರಡನೆಯದಕ್ಕೇ ನಗು ಬಂದುಬಿಡುತ್ತಿತ್ತು.

ಉತ್ತರ ಸರಿಯಿದ್ದರೆ ಪೂರ್ತಿ ಅಂಕ ಕೊಡು, ಫೋನನ್ನು ಗುಡಾಣದಿಂದ ತೆಗಿ. ಹದಿನೆಂಟನೇ ತಾರೀಕು ಸಂಜೆ ಏಳಕ್ಕೆ ಮೂರು ಸಲ ಮಾಡುತ್ತೇನೆ. ಮೂರನೆಯದಕ್ಕಾದರೂ ಎತ್ತು. ಇಪ್ಪತ್ತೆರಡನೇ ತಾರೀಕು ಭಾನುವಾರ ಊರಿಗೂ ಬರಬೇಕೆಂದಿದ್ದೇನೆ.

ಚೈತ್ರ


ಹಂಗಳ
19 ಜೂನ್ 2025

ಚೈತ್ರ,

ಹಲ್ಲಿನ ಸುದ್ದಿ ಓದ್ದೆ. ನೀನೇ. ಕಾಲು ನೆಟ್ಟಗದೆ ಅಂತ ತಿಳೀತು. ದೇವ್ರು ದೊಡ್ಡೋನು. ಇಷ್ಟು ದಿನ ಆದ್ಮೇಲೆ ನೆನ್ನೆ ಹೊಟ್ಟೆ ತುಂಬ ಉಂಡೆ.

ಫೋನು ಮೂರು ಸಲ ಬಡ್ಕೊಂಡ್ತು. ಮೂರನೇ ಸಲ ಎತ್ತನ ಅಂತ ಕೈ ಓಯ್ತು. ಎತ್ನಿಲ್ಲ. ಅವತ್ತೂ ಅದು ಮೂರು ಸಲವೇ ಬಡ್ಕೊಂಡಿದ್ದು.

ಈ ಬಾನುವಾರ ಬರ್ಬೇಡ. ಸುಧಾಮಣಿ ತವರಿಗೆ ಓಯ್ತಾಳೆ. ನಂಗೆ ಅಡ್ಗೆ ಮಾಡಾಕೆ ಆಗಲ್ಲ, ಕಿವಿನೋವು. ಮುಂದಿನ ತಿಂಗಳು ಬಾ.

ಪುಟ್ಟಸಿದ್ದಮ್ಮ


ಚಾಮರಾಜನಗರ
23 ಜೂನ್ 2025

ಅಜ್ಜಿ,

ಬರಬೇಡ ಅಂದಿದ್ದೀಯ, ಆದರೆ ನಿನ್ನೆ ಬಂದಾಗಿತ್ತು. ನಿನ್ನ ಕಾಗದ ನನ್ನ ಕೈಗೆ ಸಿಕ್ಕಿರಲಿಲ್ಲ, ಇವತ್ತು ಸಿಕ್ಕಿತು. ಓದಿ ಗೊತ್ತಾಯಿತು, ಸುಧಾಮಣಿ ಅತ್ತೆ ನಿನ್ನೆ ಯಾವ ತವರಿಗೂ ಹೋಗಿರಲಿಲ್ಲ. ಒಲೆ ಮುಂದೆ ಕೂತು ನನಗೆ ಅಕ್ಕಿರೊಟ್ಟಿ ತಟ್ಟಿಕೊಟ್ಟಳು.

ನಾನು ಬಂದ ತಕ್ಷಣ ನೀನು ಮುಖ ನೋಡಲಿಲ್ಲ, ಕಾಲು ನೋಡಿದೆ. ಬಗ್ಗಿ ಎರಡೂ ಮಂಡಿ ಮುಟ್ಟಿದೆ, ಸಂತೆಯಲ್ಲಿ ಕರು ನೋಡುವವರ ಹಾಗೆ. ನಾನು ಕುಂಟಿ ತೋರಿಸಿದೆ, ತಮಾಷೆಗೆ. ನೀನು ನಗಲಿಲ್ಲ. ನಡುಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ಆಮೇಲೆ ನೀನು ಹೂವು ಕಟ್ಟುವಾಗ ಸೆರಗು ಜಾರಿತು. ನೋಡಿದೆ. ಕಿವಿಯಲ್ಲಿ ಓಲೆ ಇರಲಿಲ್ಲ, ಎರಡು ಬೇವಿನ ಕಡ್ಡಿ ಇತ್ತು.

ಅಲ್ಲಿ ಏನೂ ಕೇಳಲಿಲ್ಲ. ಮಾವ ಇದ್ದ, ಅತ್ತೆ ಇದ್ದಳು, ನೀನು ತಟ್ಟನೆ ಸೆರಗು ಎಳೆದುಕೊಂಡೆ. ಕೆಳಗಿನ ಹೊಲದಲ್ಲಿ ಮೊದಲ ಸಲ ಚೆಂಡುಹೂವು ಬೆಳೆದ ವರ್ಷ ತಾತ ಮಾಡಿಸಿದ್ದಲ್ಲವೇ ಆ ಓಲೆ? ತಾತ ಹೋದ ದಿನವೂ ಬಿಚ್ಚಲು ಬಿಡದೆ, "ಇದು ನನ್ ಮೊಮ್ಮಗಳ ಕಿವಿಗೆ ಓಗೋತಂಕ ಇಲ್ಲೇ ಇರ್ತದೆ" ಅಂದವಳು ನೀನು.

ಇದರಲ್ಲಿ ತಮಾಷೆ ಇಲ್ಲ ಅಜ್ಜಿ. ಕಾಲು, ಕಿವಿನೋವು, ಮೂರು ಸಲ ಬಡ್ಕೊಂಡ ಫೋನು. ಏನಾಯಿತು ಬರಿ. ಮಾವನಿಗೆ ನಾನು ಹೇಳುವುದಿಲ್ಲ.

ಚೈತ್ರ


ಹಂಗಳ
28 ಜೂನ್ 2025

ಚೈತ್ರ,

ಬರೀತೀನಿ. ಬಾಯಲ್ಲಿ ಏಳಾಕಾಗ್ದಿರೋದು ಕೈಯಲ್ಲಾದ್ರೂ ಆಯ್ತದ ನೋಡನ.

ಮೇ ತಿಂಗಳು ಇಪ್ಪತ್ತೆರಡು, ಗುರುವಾರ. ಮಾವ ಸುಧಾಮಣಿ ಇಬ್ರೂ ಹೊಲಕ್ಕೋಗಿದ್ರು. ಗೊತ್ತಿಲ್ಲದ ನಂಬರಿಂದ ಫೋನು ಬಂತು. ಒಂದು ಸಲ ಎತ್ನಿಲ್ಲ. ಎಲ್ಡು ಸಲ ಎತ್ನಿಲ್ಲ. ಮೂರನೇದಕ್ಕೆ ಎತ್ತಿದೆ. "ಅಜ್ಜೀ, ಕಾಲು ಓಯ್ತು ಕಣಜ್ಜಿ" ಅಂತ ನೀನು ಅಳ್ತಿದ್ದೆ. ನಿನ್ ದನಿನೇ. ಕಾರ್ಖಾನೆ ಮಿಷನ್ನಿಗೆ ಸಿಕ್ಕೋಯ್ತು, ಆಸ್ಪತ್ರೆಲಿದೀನಿ, ನನ್ ಫೋನು ಒಡೆದೋಯ್ತು, ಇದು ಡಾಕ್ಟ್ರ ಫೋನು, ದುಡ್ಡು ಕಳ್ಸು, ಈಗ್ಲೇ ಆಪರೇಷನ್ ಮಾಡ್ದಿದ್ರೆ ಕಾಲು ತೆಗೀತಾರೆ, ಮಾವಂಗೆ ಏಳ್ಬೇಡ ಕೆಲ್ಸ ಬುಡಿಸ್ಬುಡ್ತಾನೆ ಅಂದೆ.

ನಾನೇನು ಪೆದ್ದಿ ಅಲ್ಲ ಕಣಮ್ಮಿ. ಇದು ನಿನ್ ಆಟ ಇರ್ಬೌದು ಅಂತ್ಲೇ ಮೊದ್ಲು ಅನ್ಕೊಂಡಿದ್ದು. "ಸುಳ್ಳಿ, ಇನ್ನೊಂದ್ಸಲ ಏಳು" ಅಂದೆ. ಏಳ್ದೆ. "ಮತ್ತೊಂದ್ಸಲ ಏಳು" ಅಂದೆ. ಏಳ್ದೆ. ಮೂರು ಸಲ ಏಳಿಸ್ದೆ. ನೀನು ಆಟಕ್ಕೆ ಅತ್ರೆ ಎಲ್ಡನೇ ಸಲಕ್ಕೆ ನಗು ಬಂದ್ಬುಡ್ತದೆ, ಹುಟ್ದಾಗ್ಲಿಂದ ನೋಡಿದೀನಿ. ಆ ದನಿ ನಗ್ನಿಲ್ಲ. ಮೂರನೇ ಸಲವೂ ಅಂಗೇ ಅಳ್ತಿತ್ತು. ಅದಕ್ಕೇ ದಿಟ ಅನ್ಕೊಂಡೆ.

ಗುಂಡ್ಲುಪೇಟೆಗೆ ಬಸ್ಸತ್ತಿದೆ. ಗಿರವಿ ಅಂಗಡೀಲಿ ಓಲೆ ಬಿಚ್ಚಿಕೊಟ್ಟೆ. ಅದು ಬರಾಕೇ ಇಲ್ಲ, ನಲವತ್ತು ವರ್ಸದಿಂದ ಇದ್ದಿದ್ದು. ಅಂಗಡಿಯವ್ನೇ ಎಣ್ಣೆ ಹಚ್ಚಿ ತೆಗ್ದ. ದುಡ್ಡನ್ನ ಆ ಫೋನಿನೋರು ಏಳಿದ ನಂಬರ್‌ಗೆ ಅವ್ನೇ ಫೋನಲ್ಲಿ ಹಾಕ್ದ.

ಸಾಯಂಕಾಲ ನೀನು ಫೋನು ಮಾಡಿ ಹಾಸ್ಟೆಲಲ್ಲಿ ಉಪ್ಪಿಟ್ಟು ಗೋಂದಾಗಿತ್ತು ಅಂತ ನಗ್ತಿದ್ದೆ. ನಗೋಳು ನೀನಾ, ಅಳೋಳು ನೀನಾ? ನಂಗೆ ಸಂಕಟ ಆಗ್ಬಾರ್ದು ಅಂತ ಕಾಲು ಓಗಿರೋದ ಮುಚ್ಚಿಟ್ಟು ನಗ್ತಿದ್ದೀಯೇನೋ ಅಂತಾನೂ ಅನ್ನಿಸ್ತು. ಅದಕ್ಕೇ ಕಾಲು ಕೇಳ್ದೆ.

ಓಲೆ ಓದ್ರೆ ಓಯ್ತು. ಅದು ನಿಂಗೆ ಸೇರ್ಬೇಕಾದ್ದು, ಅದೊಂದು ಸಂಕಟ. ಆದ್ರೆ ಈಗ ಫೋನಲ್ಲಿ ನಿನ್ ದನಿ ಬಂದ್ರೆ ಆ ಅಳುವೇ ಕಿವಿಗೆ ಬತ್ತದೆ. ಅವ್ರು ಕದ್ದಿರೋದು ಅದ್ನ. ಎಂಗೆ ಎತ್ಲಿ ಏಳು.

ಅಜ್ಜಿ


ಚಾಮರಾಜನಗರ
2 ಜುಲೈ 2025

ಅಜ್ಜಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಈಗ ನಾನು ಬರೆಯುವುದನ್ನು ಯಾವ ಹೆಗ್ಗಣದ ಮೇಲೂ ಹೊರಿಸಬೇಡ.

ಸಂಕ್ರಾಂತಿಗೆ ಊರಿಗೆ ಬಂದಾಗ ಹುಲ್ಲುಮೆದೆ ಹಿಂದೆ ನಿಂತು, "ಅಜ್ಜೀ, ಕಾಲು ಓಯ್ತು ಕಣಜ್ಜಿ" ಅಂತ ಅತ್ತು ನಿನ್ನನ್ನು ಓಡಿಬರುವಂತೆ ಮಾಡಿದ್ದು ನೆನಪಿದೆಯಾ? ಎರಡನೇ ಸಲಕ್ಕೆ ನಕ್ಕೆ, ನೀನು ಪೊರಕೆ ಎತ್ತಿಕೊಂಡು ಅಟ್ಟಿಸಿಕೊಂಡು ಬಂದೆ, ಇಬ್ಬರೂ ಎಳ್ಳುಬೆಲ್ಲ ತಿಂದೆವು. ಅದನ್ನು ಫೋನಿನಲ್ಲಿ ತೆಗೆದಿದ್ದೆ. ಊರೂರಿನವರೆಲ್ಲ ನೋಡುವ ಹಾಗೆ ಹಾಕಿದೆ. ಬಹಳ ಜನ ನೋಡಿದರು, ಹೊಗಳಿದರು. ನಾನು ಉಬ್ಬಿಹೋಗಿದ್ದೆ.

ಹಾಕುವ ಮೊದಲು ಒಂದು ಕೆಲಸ ಮಾಡಿದೆ. ಕೊನೆಯ ನಗುವನ್ನು ಕತ್ತರಿಸಿಬಿಟ್ಟೆ. ನಗು ಇದ್ದರೆ ಸುಳ್ಳು ಅಂತ ಗೊತ್ತಾಗುತ್ತದೆ, ಇಲ್ಲದಿದ್ದರೆ ನಿಜದ ಹಾಗೆ ಇರುತ್ತದೆ ಅಂತ.

ಆ ಕಳ್ಳರು ಅದರಿಂದಲೇ ನನ್ನ ದನಿ ಕಲಿತರೋ ಬೇರೆ ಕಡೆಯಿಂದಲೋ ಖಚಿತವಾಗಿ ಯಾರೂ ಹೇಳಲಾರರು. ಆದರೆ ಅವರು ಹೇಳಿದ ಮೊದಲ ಮಾತು ಅಕ್ಷರಕ್ಕೆ ಅಕ್ಷರ ನನ್ನದು. ವಿಡಿಯೋದ ಹೆಸರಿನಲ್ಲಿ ನಮ್ಮೂರು ಇತ್ತು, ಕೆಳಗೆ ನಾನೇ ಕಾರ್ಖಾನೆಯ, ಮಾವನ ಸುದ್ದಿಯನ್ನೂ ಬರೆದುಕೊಂಡಿದ್ದೆ, ನಿನ್ನ ನಂಬರು ಅವರಿಗೆ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ನಿನ್ನ ಓಲೆಯನ್ನು ಬಿಚ್ಚಿಸಿದ್ದು ನಾನು ಕತ್ತರಿಸಿ ಎಸೆದ ನಗು ಅಜ್ಜಿ.

ತೆಗೆದುಹಾಕಿದ್ದೇನೆ. ಸೈಬರ್ ಕಳ್ಳತನಕ್ಕೆಂದೇ ಇರುವ 1930 ನಂಬರಿಗೆ ಫೋನು ಮಾಡಿ ದೂರು ಹೇಳಿದೆ. ಆದ ಕೂಡಲೇ ಮಾಡಿದ್ದರೆ ದುಡ್ಡನ್ನು ತಡೆಯುವ ಅವಕಾಶ ಇರುತ್ತಿತ್ತು, ಈಗ ಕಷ್ಟ ಅಂದರು. ಆದರೂ ಗುಂಡ್ಲುಪೇಟೆ ಸ್ಟೇಷನ್ನಿಗೆ ಹೋಗಿ ಬರೆದುಕೊಡಬೇಕು. ಅದಕ್ಕೆ ಮಾವನಿಗೆ ಹೇಳಲೇಬೇಕಾಗುತ್ತದೆ. ಹೇಳು. ನನ್ನ ತಪ್ಪನ್ನೂ ಸೇರಿಸಿ ಹೇಳು. ಅವನು ಬಯ್ದರೆ ನನ್ನನ್ನು ಬಯ್ಯಲಿ.

ಇನ್ನು ನಾನು ಫೋನು ಮಾಡುವುದಿಲ್ಲ. ನಿನಗೆ ಬೇಕೆನಿಸಿದರೆ ಕಾಗದ ಬರಿ. ಬೇಡವೆನಿಸಿದರೆ, ಅದೂ ನ್ಯಾಯವೇ.

ಚೈತ್ರ


ಹಂಗಳ
8 ಜುಲೈ 2025

ಬದನಗುಪ್ಪೆ ಚಕ್ಕುಲಿ ಕಾರ್ಖಾನೆಯ ಮಹಾರಾಣಿ ಚೈತ್ರಾದೇವಿಯವರಿಗೆ ಹಂಗಳದ ಪುಟ್ಟಸಿದ್ದಮ್ಮನ ಹುಕುಂ ಏನಂದ್ರೆ,

ನಿಂಗೊಬ್ಳಿಗೇ ಇಂಗೆ ಬರೆಯಾಕೆ ಬತ್ತದೆ ಅನ್ಕೊಂಡಿದ್ದೆಯಾ?

ಮಾವಂಗೆ ಏಳ್ದೆ. ಉಣ್ಣಾಕೆ ಕೂತಿದ್ದ. ಮುದ್ದೆ ಕೈಲೇ ಇತ್ತು, ಬಾಯಿಗೆ ಓಗ್ನಿಲ್ಲ. ಬಯ್ತಾನೆ ಅಂತ ಕಾಯ್ತಾ ಕೂತೆ. ಅವ್ನು ಸುಧಾಮಣಿ ಮಖ ನೋಡ್ದ, ಸುಧಾಮಣಿ ಅವ್ನ ಮಖ ನೋಡಿದ್ಲು. "ಏಳಿ ಈಗ, ನಿಮ್ಮ ಗುಟ್ಟೂ ಏಳಿ" ಅಂದ್ಲು. ಓದ ವರ್ಸ ಕರೆಂಟ್ ಕಟ್ ಮಾಡ್ತೀವಿ ಅಂತ ಯಾವನೋ ಮೆಸೇಜ್ ಕಳ್ಸಿ ಇವ್ನ ತಾವ್ಲೂ ದುಡ್ಡು ಕಿತ್ಕೊಂಡವ್ನೆ! ಅವ್ವಂಗೆ ಗೊತ್ತಾದ್ರೆ ಮಾನ ಓಯ್ತದೆ ಅಂತ ಇವ್ನು ಮುಚ್ಚಿಟ್ಟವ್ನೆ. ನಾನು ಇವ್ನಿಂದ ಮುಚ್ಚಿಟ್ಟೆ. ಒಂದೇ ಮನೇಲಿ ಇಬ್ರು ಒಬ್ರಿಗೊಬ್ರು ಹೆದ್ರಿಕೊಂಡು ಕೂತಿದ್ವಿ. ಸುಧಾಮಣಿ ಮುಸಿಮುಸಿ ನಕ್ಳು, ಆಮೇಲೆ ಎಲ್ರೂ ನಕ್ವಿ. ಮಾರನೇ ದಿನ ಇಬ್ರೂ ಒಟ್ಟಿಗೇ ಸ್ಟೇಷನ್‌ಗೆ ಓಗಿ ಬರ್ಸಿ ಬಂದ್ವಿ. ಓಲೆ ಇನ್ನೂ ಗಿರವಿ ಅಂಗಡೀಲೇ ಅದೆ. ಚೆಂಡುಹೂವು ಕೈಗೆ ಬಂದ್ಮೇಲೆ ನೋಡನ ಅಂದ ಮಾವ. ಅದೇ ಹೊಲ, ಅದೇ ಹೂವು. ನಿಮ್ ತಾತ ಇದ್ದಿದ್ರೆ ಏನನ್ನೋರೋ. ಅಲ್ಲೀಗಂಟ ಬೇವಿನ ಕಡ್ಡಿ ತಂಪಾಗದೆ.

ಇನ್ನು ನಿನ್ ವಿಚಾರ. ತಪ್ಪು ನಿಂದು. ಹೌದು. ಹೆಗ್ಗಣದ ಮೇಲೆ ಆಕಲ್ಲ. ನಗು ಅಂದ್ರೆ ನಿನ್ ಹುಟ್ಟುಗುರುತು. ಅದ್ನ ಕತ್ರಿಸಿ ದನಿ ಒಂದ್ನೇ ಬೀದಿಗೆ ಬುಟ್ಟೆ. ಇನ್ಮೇಲೆ ಅಂಗೆ ಮಾಡ್ಬೇಡ. ಇಷ್ಟೇ ಶಿಕ್ಷೆ. ಫೋನು ಮಾಡಲ್ಲ, ಕಾಗದ ಬೇಡ ಅಂದ್ರೆ ಅದೂ ನ್ಯಾಯ ಅಂತ ಬರ್ದಿದ್ದೀಯಲ್ಲ, ಯಾವ ನ್ಯಾಯನೇ ಅದು? ನಿನ್ನ ಸಾಕಿದ್ದು ಬುಟ್ಬುಡಾಕಾ?

ಹುಕುಂ: ಇನ್ನು ನೀನು ಕೂಗ್ಬೇಡ. ನಾನು ಕೂಗ್ತೀನಿ, ನೀನು ಓಗೊಡು. ಯಾರೇ ಅತ್ಕೊಂಡು ಫೋನು ಮಾಡ್ಲಿ, ಮಡಗ್ಬುಡ್ತೀನಿ, ಮಡಗಿ ನಿನ್ ನಂಬರ್‌ಗೆ ನಾನೇ ಮಾಡ್ತೀನಿ. ಒಲೆ ಪಕ್ಕದ ಗೋಡೆ ಮೇಲೆ ನಿನ್ ನಂಬರು, ಮಾವನ ನಂಬರು ಇದ್ದಲಲ್ಲಿ ದಪ್ಪಕೆ ಬರ್ದಿದೀನಿ. ಸುಧಾಮಣಿ ಗೋಡೆ ಕೆಡ್ತು ಅಂದ್ಲು. ಕೆಡ್ಲಿ.

ಹದಿನಾಲ್ಕನೇ ತಾರೀಕು ಸೋಮವಾರ ಹೊತ್ತು ಮುಳುಗೋ ಹೊತ್ಗೆ ಕಾದಿರು. ಗುಡಾಣದಿಂದ ಫೋನ್ ತೆಗೀತೀನಿ. ಅದ್ರ ತುಂಬ ರಾಗಿ.

ಪುಟ್ಟಸಿದ್ದಮ್ಮ, ಸರ್ವಾಧಿಕಾರಿಣಿ


ಚಾಮರಾಜನಗರ
15 ಜುಲೈ 2025, ಮಂಗಳವಾರ

ಶ್ರೀಮತಿ ಪುಟ್ಟಸಿದ್ದಮ್ಮನವರ ವಿರುದ್ಧ ಶ್ರೀಮತಿ ಪುಟ್ಟಸಿದ್ದಮ್ಮನವರಿಗೇ ಸಲ್ಲಿಸುವ ದೂರು.

ನಿನ್ನೆ ಸಂಜೆ ಆರೂಮುಕ್ಕಾಲಕ್ಕೆ ಅರ್ಜಿದಾರಳು ಹಾಸ್ಟೆಲಿನ ಮೆಟ್ಟಿಲ ಮೇಲೆ ಫೋನು ಹಿಡಿದು ಕಾದಿದ್ದಳು. ಫೋನು ಬಂತು. ಎತ್ತಿದಳು. ಆ ಕಡೆ ಮಾತಿಲ್ಲ. ಆಮೇಲೆ ಟಣ್, ಟಣ್, ಟಣ್.

ಅದು ಆ ಚೊಂಬೇ ಅಂತ ನನಗೆ ಗೊತ್ತಾಯಿತು, ಸೊಟ್ಟಗಿರುವ ಕಡೆ ಬಡಿದರೆ ಹಾಗೆಯೇ ಕೇಳುವುದು. ತಾತ ಹೋದ ಮೇಲೆ ಅದನ್ನು ನೀನು ಬಡಿದದ್ದನ್ನು ನಾನು ಕೇಳಿರಲಿಲ್ಲ. ಹುಲ್ಲುಮೆದೆಯ ವಾಸನೆ, ಒಲೆಯ ಹೊಗೆ, ಅಟ್ಟಣೆಯ ಮೇಲೆ ತಾತನ ಕರಿಯ ಕಂಬಳಿ ಎಲ್ಲ ಒಟ್ಟಿಗೆ ಬಂತು. ಅರ್ಜಿದಾರಳು "ಅಜ್ಜೀ" ಅಂದಳು, ಅತ್ತುಬಿಟ್ಟಳು.

ಆಗ ತಾವು ಏನು ಮಾಡಿದಿರಿ? "ಯಾರದು ಅಳ್ತಿರೋದು? ನನ್ ಮೊಮ್ಮಗಳು ಅಳಲ್ಲ" ಅಂತ ಹೇಳಿ ಫೋನು ಮಡಗಿಬಿಟ್ಟಿರಿ!

ಎರಡನೇ ಸಲ ಮಾಡಿದಿರಿ. ಟಣ್, ಟಣ್, ಟಣ್. ಅರ್ಜಿದಾರಳು ಗಂಟಲು ಸರಿಮಾಡಿಕೊಂಡು "ನಾನೇ ಕಣಜ್ಜಿ" ಎನ್ನಲು ಹೋದಳು, ಮತ್ತೆ ಅಳು ಬಂತು. ಮತ್ತೆ ಮಡಗಿದಿರಿ. ಹೀಗೆ ಎರಡೆರಡು ಸಲ ಸ್ವಂತ ಮೊಮ್ಮಗಳ ಮುಖಕ್ಕೆ ಬಾಗಿಲು ಹಾಕಿದ್ದು ಅಮಾನುಷ. ಮೆಟ್ಟಿಲ ಮೇಲೆ ಕೂತು ಅಳುತ್ತಾ ಫೋನು ನೋಡುತ್ತಿದ್ದ ನನ್ನನ್ನು ಕಂಡು ಭಾನು, "ಯಾರೇ ಅವನು?" ಅಂದಳು. ಅಜ್ಜಿ, ಅವಳು ನನಗೆ ಯಾವನೋ ಕೈ ಕೊಟ್ಟ ಅಂದುಕೊಂಡಿದ್ದಳು! ಕೈ ಕೊಟ್ಟವಳಿಗೆ ಎಪ್ಪತ್ತನಾಲ್ಕು ವರ್ಷ, ಕಿವಿಯಲ್ಲಿ ಬೇವಿನ ಕಡ್ಡಿ ಎಂದು ನಾನು ಹೇಗೆ ಹೇಳಲಿ?

ಅಷ್ಟರಲ್ಲಿ ಮೂರನೇ ಸಲ ಬಂತು. ಟಣ್. ಟಣ್. ಮೂರನೇ ಟಣ್ಣಿಗೆ ಮೊದಲೇ ನನಗೆ ನಗು ಬಂದುಬಿಟ್ಟಿತ್ತು. ತಡೆಯಲು ನೋಡಿದೆ, ಆಗಲಿಲ್ಲ. ಮೂಗು ಸೋರುತ್ತಿದೆ, ಕಣ್ಣು ಸೋರುತ್ತಿದೆ, ನಗುತ್ತಿದ್ದೇನೆ.

ಈ ಸಲ ನೀನು ಮಡಗಲಿಲ್ಲ. ಆಮೇಲೆ ಚೊಂಬನ್ನು ಕೆಳಗಿಟ್ಟ ಸದ್ದು. ಆಮೇಲೆ ನೀನು.

"ಹೂಂ. ಈಗ ಏಳು ಕಣಮ್ಮಿ. ಉಂಡ್ಯಾ?"

ಇದಕ್ಕೆ ನಾನು ಏನೆಂದೆನೋ ನೆನಪಿಲ್ಲ. ಆದ್ದರಿಂದ ಉತ್ತರವನ್ನು ಲಿಖಿತ ರೂಪದಲ್ಲಿ ಸಲ್ಲಿಸುತ್ತಿದ್ದೇನೆ: ಉಂಡೆ ಅಜ್ಜಿ. ಹೊಟ್ಟೆ ತುಂಬ ಉಂಡೆ.

ಚೈತ್ರ